ಸಿ ಭಾಷೆಯಲ್ಲಿ ಗಾತ್ರದ ಲೆಕ್ಕ: ಸೈನ್ಡ್ ಮತ್ತು ಅನ್‌ಸೈನ್ಡ್ ಟೈಪ್‌ಗಳ ಹೊಂದಾಣಿಕೆ

1. ಗಾತ್ರ, ಸ್ಥಾನ, ಅಂತರ

ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಮೆಮೊರಿಯ ಬಗ್ಗೆ ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತದೆ. ಒಂದು ವಸ್ತು ಎಷ್ಟು ಬೈಟ್ ಹಿಡಿಯುತ್ತದೆ? ಅದರೊಳಗೆ ಬೇಕಾದ ಅಂಶ ಎಷ್ಟನೆಯದು? ಎರಡು ಜಾಗಗಳ ನಡುವೆ ಎಷ್ಟು ಅಂತರವಿದೆ? ಮೊದಲನೆಯದು ಗಾತ್ರ, ಎರಡನೆಯದು ಸ್ಥಾನ, ಮೂರನೆಯದು ಅಂತರ. ಗಾತ್ರ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಅರೇಯ ಮೊದಲಿನಿಂದ ಎಣಿಸಿದ ಸ್ಥಾನವೂ ಇಳಿಯುವುದಿಲ್ಲ. ಅಂತರಕ್ಕೆ ಮಾತ್ರ ಹಿಂದು ಮುಂದು ಎರಡೂ ದಿಕ್ಕುಗಳಿವೆ. ಮೊದಲೆರಡಕ್ಕೆ ಋಣ ಸಂಖ್ಯೆ ಬೇಡ, ಮೂರನೆಯದಕ್ಕೆ ಅದಿಲ್ಲದೆ ನಡೆಯದು. ಈ ಭೇದದಿಂದಲೇ ಗಾತ್ರದ ಲೆಕ್ಕಕ್ಕೆ ಸಿ ಭಾಷೆಯಲ್ಲಿ ಎರಡು ಬಗೆಯ ಪೂರ್ಣಾಂಕಗಳು ಬಂದವು: ಧನ, ಋಣ ಎರಡನ್ನೂ ಹಿಡಿಯುವ ಸೈನ್ಡ್ ಟೈಪ್, ಸೊನ್ನೆ ಮತ್ತು ಧನ ಸಂಖ್ಯೆಗಳನ್ನಷ್ಟೇ ಹಿಡಿಯುವ ಅನ್‌ಸೈನ್ಡ್ ಟೈಪ್. ಎರಡೂ ತಮ್ಮಷ್ಟಕ್ಕೆ ಸರಿಯಾಗಿವೆ. ಒಂದೇ ಲೆಕ್ಕದಲ್ಲಿ ಎಚ್ಚರವಿಲ್ಲದೆ ಬೆರೆತಾಗ ತೊಂದರೆ ಹುಟ್ಟುತ್ತದೆ.

ಸೇಲಂ ಜಿಲ್ಲೆಯಲ್ಲಿ ಮೆಟ್ಟೂರಿಗೆ ಹತ್ತಿರವಿರುವ ನಂಗವಳ್ಳಿಯ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸೇಲಂ, ಧರ್ಮಪುರಿ ಸೀಮೆಯಲ್ಲಿ ಕನ್ನಡ ಮನೆಮಾತಿನವರೂ ತಮಿಳು ಮನೆಮಾತಿನವರೂ ಒಟ್ಟಿಗೆ ಬದುಕುತ್ತಾರೆ. ದಾಖಲೆಗಳಲ್ಲಿ ಇಂಗ್ಲಿಷೂ ಇರುತ್ತದೆ. ಹೀಗಾಗಿ ಊರಿನ ಹೆಸರು ಮೂರು ಲಿಪಿಗಳಲ್ಲಿ ಕಂಪ್ಯೂಟರಿಗೆ ಹೋಗಬಹುದು. ಕನ್ನಡದ ‘ನಂಗವಳ್ಳಿ’ಗೆ ಯೂನಿಕೋಡ್‌ನಲ್ಲಿ 8 ಸಂಕೇತಗಳಿವೆ: ನ, ಅನುಸ್ವಾರ, ಗ, ವ, ಳ, ಹಲಂತ, ಮತ್ತೊಂದು ಳ, ಇಕಾರದ ಗುಣಿತ. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒಟ್ಟು 24 ಬೈಟ್. ತಮಿಳಿನಲ್ಲಿ ಅನುಸ್ವಾರದ ಬದಲು ಙಕಾರವೂ ಅದರ ಮೇಲಿನ ಪುಳ್ಳಿಯೂ ಬರುವುದರಿಂದ 9 ಸಂಕೇತ, 27 ಬೈಟ್. ರೋಮನ್ ಲಿಪಿಯಲ್ಲಿ 10 ಅಕ್ಷರ, 10 ಬೈಟ್. ಓದುಗರ ಕಣ್ಣಿಗೆ ಕಾಣುವ ಕನ್ನಡ ಅಕ್ಷರಗಳಾದರೋ ನಾಲ್ಕೇ: ನಂ, ಗ, ವ, ಳ್ಳಿ. ಒಂದು ಹೆಸರಿಗೆ ಇಷ್ಟು ಅಳತೆಗಳಿರುವಾಗ ಪ್ರೋಗ್ರಾಂ ಅವನ್ನು ಕೂಡುತ್ತದೆ, ಕಳೆಯುತ್ತದೆ, ಹೋಲಿಸುತ್ತದೆ. ಆ ಪ್ರತಿಯೊಂದು ಹೆಜ್ಜೆಯಲ್ಲೂ ಟೈಪ್‌ನ ಆಯ್ಕೆ ಉತ್ತರವನ್ನು ಬದಲಿಸಬಲ್ಲದು.

2. ಎರಡು ಟೈಪ್‌ಗಳು ಬಂದ ಬಗೆ

ಡೆನಿಸ್ ರಿಚಿ ಅವರು ಬೆಲ್ ಪ್ರಯೋಗಾಲಯದಲ್ಲಿ ಸಿ ಭಾಷೆಯನ್ನು ರೂಪಿಸಿದ್ದು 1970ರ ದಶಕದ ಆರಂಭದಲ್ಲಿ, ಪಿಡಿಪಿ-11 ಯಂತ್ರದ ಮೇಲೆ. ಆ ಯಂತ್ರದ ವಿಳಾಸಗಳು 16 ಬಿಟ್‌ನವು. ಹಾಗಾಗಿ ವಿಳಾಸಗಳ ಒಟ್ಟು ವ್ಯಾಪ್ತಿ 65,536 ಬೈಟ್. ಅದೇ ಯಂತ್ರದ ‘ಇಂಟ್’ ಎಂಬ ಸೈನ್ಡ್ ಪೂರ್ಣಾಂಕ ಮುಟ್ಟಬಲ್ಲ ಗರಿಷ್ಠ ಸಂಖ್ಯೆ 32,767. ಅಂದರೆ ಮೆಮೊರಿಯ ಅರ್ಧದಾಚೆ ಅದು ಎಣಿಸಲಾರದು. ಅನ್‌ಸೈನ್ಡ್ ಪೂರ್ಣಾಂಕ ಅಷ್ಟೇ ಬಿಟ್‌ಗಳಲ್ಲಿ 65,535ರವರೆಗೂ ಹೋಗುತ್ತದೆ. ಮೆಮೊರಿ ದುಬಾರಿಯಾಗಿದ್ದ ಆ ಕಾಲದಲ್ಲಿ ಒಂದು ಬಿಟ್‌ನ ಈ ಉಳಿತಾಯಕ್ಕೆ ನಿಜವಾದ ಬೆಲೆಯಿತ್ತು. 1973ರ ನಂತರದ ವರ್ಷಗಳಲ್ಲಿ ಅನ್‌ಸೈನ್ಡ್, ಲಾಂಗ್ ಮೊದಲಾದ ಟೈಪ್‌ಗಳು ಭಾಷೆಗೆ ಸೇರಿದವು. ಬ್ರಯನ್ ಕರ್ನಿಹಾನ್ ಮತ್ತು ರಿಚಿ 1978ರಲ್ಲಿ ಪ್ರಕಟಿಸಿದ ಪುಸ್ತಕ ಅವನ್ನು ಜಗತ್ತಿಗೆ ಪರಿಚಯಿಸಿತು.

ಗಾತ್ರಕ್ಕೆಂದೇ ಒಂದು ಟೈಪ್ ಹೆಸರು ಪಡೆದದ್ದು 1989ರ ಅಮೆರಿಕನ್ ರಾಷ್ಟ್ರೀಯ ಮಾನಕದಲ್ಲಿ. ‘ಸೈಜ್_ಟಿ’ ಎಂಬ ಆ ಟೈಪ್ ಅನ್‌ಸೈನ್ಡ್. ‘ಸೈಜ್‌ಆಫ್’ ಕೊಡುವ ಉತ್ತರ, ‘ಸ್ಟ್ರ್‌ಲೆನ್’ ಹೇಳುವ ಉದ್ದ, ‘ಮ್ಯಾಲಕ್’ ಕೇಳುವ ಅಳತೆ ಎಲ್ಲವೂ ಇದೇ ಟೈಪ್‌ನವು. ಅದೇ ಮಾನಕದಲ್ಲಿ ‘ಪಿಟಿಆರ್‌ಡಿಫ್_ಟಿ’ ಎಂಬ ಸೈನ್ಡ್ ಟೈಪ್ ಕೂಡ ಬಂತು. ಒಂದೇ ಅರೇಯೊಳಗಿನ ಎರಡು ಪಾಯಿಂಟರ್‌ಗಳನ್ನು ಕಳೆದಾಗ ಸಿಗುವ ಅಂತರ ಈ ಟೈಪ್‌ನದು. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಪಾಸಿಕ್ಸ್ ಮಾನಕ ಮೂರನೆಯದೊಂದನ್ನು ಸೇರಿಸಿತು: ‘ಎಸ್‌ಸೈಜ್_ಟಿ’. ಕಡತದಿಂದ ಓದಿದ ಬೈಟ್‌ಗಳ ಸಂಖ್ಯೆಯನ್ನೂ ಓದಲಾಗದಿದ್ದಾಗ −1 ಎಂಬ ಸೂಚನೆಯನ್ನೂ ಒಂದೇ ಉತ್ತರದಲ್ಲಿ ಹೇಳಲು ಅದು ಹುಟ್ಟಿತು. ಅದು ಪಾಸಿಕ್ಸ್‌ನದು, ಸಿ ಮಾನಕದ್ದಲ್ಲ. ಪಾಸಿಕ್ಸ್ ಕೂಡ ಅದಕ್ಕೆ −1ರಿಂದ ಮೇಲಿನ ವ್ಯಾಪ್ತಿಯ ಖಾತರಿಯನ್ನಷ್ಟೇ ಕೊಡುತ್ತದೆ. ಆದ್ದರಿಂದ ಸಾಮಾನ್ಯ ಅಂತರಗಳ ಲೆಕ್ಕಕ್ಕೆ ಅದು ಹೇಳಿ ಮಾಡಿಸಿದ ಟೈಪ್ ಅಲ್ಲ. 1999ರ ಸಿ ಮಾನಕ ತನ್ನವೇ ಆದ ಮೊದಲ ಎರಡು ಟೈಪ್‌ಗಳ ಗರಿಷ್ಠ ಮಿತಿಗಳಿಗೆ ಹೆಸರು ಕೊಟ್ಟಿತು, ಇವುಗಳನ್ನು ಮುದ್ರಿಸುವುದಕ್ಕೆ ಪ್ರತ್ಯೇಕ ಸಂಕೇತಗಳನ್ನೂ ಕೊಟ್ಟಿತು.

ಯಂತ್ರ ಬದಲಾದಂತೆ ಈ ಟೈಪ್‌ಗಳ ಅಗಲವೂ ಬದಲಾಗುತ್ತದೆ. ಇಂದಿನ 64 ಬಿಟ್ ಲಿನಕ್ಸ್‌ನಲ್ಲಿ ‘ಲಾಂಗ್’ ಮತ್ತು ‘ಸೈಜ್_ಟಿ’ ಎರಡೂ 64 ಬಿಟ್, ‘ಇಂಟ್’ 32 ಬಿಟ್. 64 ಬಿಟ್ ವಿಂಡೋಸ್‌ನಲ್ಲಿ ‘ಸೈಜ್_ಟಿ’ 64 ಬಿಟ್ ಆದರೂ ‘ಲಾಂಗ್’ 32 ಬಿಟ್‌ನಲ್ಲೇ ಉಳಿದಿದೆ. ಗಾತ್ರವನ್ನು ‘ಲಾಂಗ್’ನಲ್ಲಿ ಇಟ್ಟ ಪ್ರೋಗ್ರಾಂ ಒಂದು ಕಡೆ ಸರಿಯಾಗಿ ನಡೆದು ಇನ್ನೊಂದು ಕಡೆ ತಪ್ಪುವುದು ಇದರಿಂದಲೇ.

ಗಾತ್ರದ ಟೈಪ್‌ಗಳಿಂದ ಅಳೆಯಬೇಕಾದ್ದು ಮೆಮೊರಿಯನ್ನು. ಲೋಕದ ಎಲ್ಲ ಅಳತೆಗಳನ್ನಲ್ಲ. ನಂಗವಳ್ಳಿಗೆ ಹತ್ತಿರದ ಮೆಟ್ಟೂರು ಜಲಾಶಯವನ್ನೇ ನೋಡಬಹುದು. ಅದರ ಸಾಮರ್ಥ್ಯ 93.47 ಟಿಎಂಸಿ, ಅಂದರೆ 9,347 ಕೋಟಿ ಘನ ಅಡಿ. 32 ಬಿಟ್ ಅನ್‌ಸೈನ್ಡ್ ಪೂರ್ಣಾಂಕದ ಗರಿಷ್ಠ ಬೆಲೆ 4294967295, ಅಂದರೆ ಸುಮಾರು 429 ಕೋಟಿ. 32 ಬಿಟ್ ಯಂತ್ರದ ‘ಸೈಜ್_ಟಿ’ಯಲ್ಲಿ ಈ ನೀರನ್ನು ಘನ ಅಡಿಗಳಲ್ಲಿ ಬರೆದಿಟ್ಟರೆ ಉಳಿಯುವುದು 3275686784, ಅಂದರೆ 3.28 ಟಿಎಂಸಿಗೂ ಸ್ವಲ್ಪ ಕಡಿಮೆ. ನೀರು, ಹಣ, ಜನಸಂಖ್ಯೆ, ಕಡತದ ಉದ್ದ ಇವಕ್ಕೆಲ್ಲ ಅಗಲ ಖಚಿತವಾಗಿರುವ ಬೇರೆ ಟೈಪ್‌ಗಳಿವೆ. ಅಲ್ಲಿ ಅವೇ ಬೇಕು.

3. ಬೆರೆತಾಗ ಆಗುವ ಲೆಕ್ಕ

ಅನ್‌ಸೈನ್ಡ್ ಲೆಕ್ಕ ಗಡಿಯಾರದ ಮುಖದಂತೆ ಸುತ್ತುತ್ತದೆ: ಎರಡು ಗಂಟೆಯಿಂದ ಮೂರು ತಾಸು ಹಿಂದೆ ಸರಿದರೆ ಹನ್ನೊಂದು. ರೋಮನ್ ಲಿಪಿಯ ಹೆಸರಿನ ಉದ್ದ 10ರಿಂದ ಕನ್ನಡದ 24ನ್ನು ಕಳೆದರೆ ಗಣಿತದ ಉತ್ತರ −14. 64 ಬಿಟ್ ‘ಸೈಜ್_ಟಿ’ ಕೊಡುವ ಉತ್ತರ 18446744073709551602. ಸಿ ಮಾನಕದ ಪ್ರಕಾರ ಇದು ದೋಷವಲ್ಲ, ನಿಯಮ. ಆದ್ದರಿಂದ ಕಂಪೈಲರ್ ತಡೆಯುವುದಿಲ್ಲ, ಪ್ರೋಗ್ರಾಂ ನಿಲ್ಲುವುದೂ ಇಲ್ಲ. ಎರಡು ಉದ್ದಗಳ ವ್ಯತ್ಯಾಸ ಸೊನ್ನೆಗಿಂತ ದೊಡ್ಡದೇ ಎಂದು ಕೇಳಿದರೆ, ಅವೆರಡೂ ಸಮವಾಗಿದ್ದಾಗ ಹೊರತು ಯಾವಾಗಲೂ ‘ಹೌದು’ ಎಂಬ ಉತ್ತರವೇ ಬರುತ್ತದೆ.

ಸೈನ್ಡ್ ಲೆಕ್ಕದ ಸಮಸ್ಯೆ ಬೇರೆ. ಅದರ ಮಿತಿ ಮೀರಿದರೆ ಏನಾಗಬೇಕು ಎಂಬುದನ್ನು ಮಾನಕ ನಿರ್ಧರಿಸಿಯೇ ಇಲ್ಲ. ಮಿತಿ ಮೀರುವುದೇ ಇಲ್ಲ ಎಂದು ಕಂಪೈಲರ್ ನಂಬಬಹುದು. ಒಂದು ಸೈನ್ಡ್ ಸಂಖ್ಯೆಗೆ 1 ಕೂಡಿದ ಮೇಲೆ ಅದು ಮೊದಲಿಗಿಂತ ಚಿಕ್ಕದಾಯಿತೇ ಎಂದು ಪರೀಕ್ಷಿಸುವ ಸಾಲನ್ನು, ಹಾಗಾಗಲು ಸಾಧ್ಯವಿಲ್ಲವೆಂದು ಕಂಪೈಲರ್ ಅಳಿಸಿಹಾಕಬಹುದು. ವಿಂಗಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ ಬೈನರಿ ಸರ್ಚ್‌ನಲ್ಲಿ ಎರಡು ತುದಿಗಳನ್ನು ಕೂಡಿ ಎರಡರಿಂದ ಭಾಗಿಸುವ ರೂಢಿ ದಶಕಗಳ ಕಾಲ ನಡೆಯಿತು. ಪಟ್ಟಿ ತೀರ ದೊಡ್ಡದಾದರೆ ಆ ಕೂಡುವಿಕೆಯೇ ಮಿತಿ ಮೀರುತ್ತದೆಂದು ಜೋಶುವಾ ಬ್ಲಾಕ್ 2006ರಲ್ಲಿ ಎಲ್ಲರ ಗಮನಕ್ಕೆ ತಂದರು. ಕೆಳತುದಿಗೆ ಅಂತರದ ಅರ್ಧವನ್ನು ಕೂಡಿಸುವುದೇ ಅದಕ್ಕೆ ಪರಿಹಾರ.

ಎರಡೂ ಒಂದೇ ವಾಕ್ಯದಲ್ಲಿ ಬಂದಾಗ ಪರಿವರ್ತನೆಯ ನಿಯಮ ನಡುವೆ ಬರುತ್ತದೆ. ‘ಇಂಟ್’ನಲ್ಲಿರುವ −1ನ್ನು ‘ಸೈಜ್_ಟಿ’ಯಲ್ಲಿರುವ 24ರ ಜೊತೆ ಹೋಲಿಸಿದರೆ, −1 ಮೊದಲು ಅನ್‌ಸೈನ್ಡ್ ಆಗಿ 18446744073709551615 ಆಗುತ್ತದೆ. ಹೀಗಾಗಿ −1 ಎಂಬುದು 24ಕ್ಕಿಂತ ಚಿಕ್ಕದೇ ಎಂದು ಕೇಳಿದರೆ ‘ಅಲ್ಲ’ ಎಂಬ ಉತ್ತರ. ಈ ನಿಯಮ ಟೈಪ್‌ನ ಅಗಲವನ್ನೂ ನೋಡುತ್ತದೆ. ‘ಲಾಂಗ್’ನ −1ನ್ನು 32 ಬಿಟ್ ಅನ್‌ಸೈನ್ಡ್ 1ರ ಜೊತೆ ಹೋಲಿಸಿದರೆ 64 ಬಿಟ್ ಲಿನಕ್ಸ್‌ನಲ್ಲಿ −1 ಚಿಕ್ಕದು, 64 ಬಿಟ್ ವಿಂಡೋಸ್‌ನಲ್ಲಿ ಚಿಕ್ಕದಲ್ಲ. ಬರೆದ ಸಾಲು ಒಂದೇ, ಉತ್ತರ ಎರಡು.

ಕನ್ನಡ ಪಠ್ಯದ ಕೆಲಸದಲ್ಲಿ ಈ ತೊಡಕು ಎದುರಾಗುವ ಜಾಗ ಹಿಮ್ಮುಖ ಲೂಪ್. ‘ನಂಗವಳ್ಳಿ’ಯನ್ನು 20 ಬೈಟ್‌ನ ಅಂಕಣದಲ್ಲಿ ಕೂರಿಸಬೇಕಾದರೆ 20ನೇ ಬೈಟ್ ಆದಮೇಲೆ ಹಾಗೇ ಕತ್ತರಿಸುವಂತಿಲ್ಲ; ಏಳನೆಯ ಸಂಕೇತ ಮಧ್ಯದಲ್ಲಿ ತುಂಡಾಗುತ್ತದೆ. ಯುಟಿಎಫ್-8ರಲ್ಲಿ ಸಂಕೇತದ ಮೊದಲ ಬೈಟನ್ನೂ ಅದರ ನಂತರ ಬರುವ ಬೈಟ್‌ಗಳನ್ನೂ ಬಿಟ್ ನೋಡಿ ಗುರುತಿಸಬಹುದಾದ್ದರಿಂದ, ಮೊದಲ ಬೈಟ್ ಸಿಗುವವರೆಗೂ ಹಿಂದೆ ಸರಿದು 18ನೇ ಬೈಟ್‌ನ ಕೊನೆಗೆ ಕತ್ತರಿಸಬೇಕು. ಸ್ಥಾನವನ್ನು ‘ಸೈಜ್_ಟಿ’ಯಲ್ಲಿಟ್ಟು, ಅದು ಸೊನ್ನೆಯಷ್ಟು ಅಥವಾ ಅದಕ್ಕಿಂತ ಹೆಚ್ಚಾಗಿರುವವರೆಗೂ ಹಿಂದೆ ಹೋಗು ಎಂದು ಬರೆದರೆ, ಆ ಷರತ್ತು ಎಂದೂ ಸುಳ್ಳಾಗುವುದಿಲ್ಲ. ಹಾಳಾದ ಪಠ್ಯದಲ್ಲಿ ಮೊದಲ ಬೈಟ್ ಸಿಗದೇ ಹೋದರೆ ಸ್ಥಾನ ಸೊನ್ನೆಯಿಂದ ಒಮ್ಮೆಗೇ ಅತಿ ದೊಡ್ಡ ಸಂಖ್ಯೆಗೆ ಹಾರಿ ಪ್ರೋಗ್ರಾಂ ತನ್ನದಲ್ಲದ ಮೆಮೊರಿಯನ್ನು ಓದುತ್ತದೆ. ಸ್ಥಾನ ಸೊನ್ನೆಗಿಂತ ಹೆಚ್ಚೇ ಎಂದು ಮೊದಲು ಕೇಳಿ ಆಮೇಲೆ ಒಂದು ಕಳೆಯುವುದು ಅನ್‌ಸೈನ್ಡ್ ಲೂಪಿನ ಸರಿಯಾದ ಕ್ರಮ. ಸೈನ್ಡ್ ಸ್ಥಾನವಾದರೆ ಮೊದಲಿನ ಷರತ್ತೇ ಸರಿಯಾಗಿ ನಡೆಯುತ್ತದೆ.

ಹೆಸರುಗಳನ್ನು ಉದ್ದದ ಪ್ರಕಾರ ವಿಂಗಡಿಸುವುದು ಇನ್ನೊಂದು ಜಾಗ. ‘ಕ್ಯೂಸಾರ್ಟ್’ಗೆ ಕೊಡುವ ಹೋಲಿಕೆಯ ಫಂಕ್ಷನ್ ‘ಇಂಟ್’ನಲ್ಲಿ ಉತ್ತರ ಹೇಳಬೇಕು. ಎರಡು ಉದ್ದಗಳನ್ನು ಕಳೆದು ಬಂದದ್ದನ್ನು ‘ಇಂಟ್’ಗೆ ಇಳಿಸಿದರೆ ಸಣ್ಣ ಹೆಸರುಗಳಲ್ಲಿ ಸಾಮಾನ್ಯ ಯಂತ್ರಗಳಲ್ಲೆಲ್ಲ ಸರಿಯಾದ ಉತ್ತರವೇ ಬರುತ್ತದೆ, ಪರೀಕ್ಷೆಗಳೂ ಪಾಸಾಗುತ್ತವೆ. ವ್ಯತ್ಯಾಸ 4294967296 ಆದ ದಿನ ಅದು ಸೊನ್ನೆಯಾಗಿ ಎರಡೂ ಸಮ ಎನಿಸಿಕೊಳ್ಳುತ್ತವೆ. ಕಳೆಯುವ ಬದಲು ಹೋಲಿಸಿ −1, 0, 1 ಎಂದು ಉತ್ತರಿಸುವ ಫಂಕ್ಷನ್‌ಗೆ ಈ ಅಪಾಯವಿಲ್ಲ.

4. ಒಂದು ಬೈಟ್‌ನ ಚಿಹ್ನೆ

ಉದ್ದದಂತೆ ಅಕ್ಷರವನ್ನು ಹಿಡಿಯುವ ‘ಚಾರ್’ ಟೈಪಿಗೂ ಇದೇ ಪ್ರಶ್ನೆಯಿದೆ. ‘ಚಾರ್’ ಸೈನ್ಡ್ ಆಗಿರಬೇಕೋ ಅನ್‌ಸೈನ್ಡ್ ಆಗಿರಬೇಕೋ ಎಂಬುದನ್ನು ಮಾನಕ ಕಂಪೈಲರ್‌ಗೆ ಬಿಟ್ಟಿದೆ. ಲಿನಕ್ಸ್‌ನಲ್ಲಿ ಇಂಟೆಲ್ ಬಗೆಯ ಯಂತ್ರಗಳ ಮೇಲೆ ಅದು ಸೈನ್ಡ್, ಆರ್ಮ್ ಯಂತ್ರಗಳ ಮೇಲೆ ಅನ್‌ಸೈನ್ಡ್. ಇಂಗ್ಲಿಷ್ ಅಕ್ಷರಗಳ ಸಂಕೇತಗಳು 127ರೊಳಗೆ ಮುಗಿಯುವುದರಿಂದ ಇಂಗ್ಲಿಷ್ ಪಠ್ಯಕ್ಕೆ ಈ ಭೇದ ತಟ್ಟುವುದಿಲ್ಲ. ಕನ್ನಡಕ್ಕೆ ತಟ್ಟುತ್ತದೆ. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಮಾನಕವಾದ ಇಸ್ಕಿ ಸಂಕೇತ ಪದ್ಧತಿ ಅಕ್ಷರಗಳನ್ನು 161ರಿಂದ ಮೇಲೆ ಇಟ್ಟಿತು. ಯುಟಿಎಫ್-8ರಲ್ಲಿ ‘ನ’ ಅಕ್ಷರದ ಮೂರು ಬೈಟ್‌ಗಳು 224, 178, 168. ಸೈನ್ಡ್ ‘ಚಾರ್’ನಲ್ಲಿ ಓದಿದರೆ ಅವು −32, −78, −88.

ಈ ಋಣ ಸಂಖ್ಯೆಯನ್ನು ಅರೇಯ ಸ್ಥಾನವಾಗಿ ಬಳಸಿದರೆ ಪ್ರೋಗ್ರಾಂ ಅರೇಯ ಹಿಂದಿನ ಮೆಮೊರಿಗೆ ಕೈಹಾಕುತ್ತದೆ. ಅಕ್ಷರವೋ ಅಂಕಿಯೋ ಎಂದು ತಿಳಿಸುವ ‘ಈಸ್‌ಆಲ್ಫಾ’ ಮುಂತಾದ ಫಂಕ್ಷನ್‌ಗಳಿಗೆ ಹಾಗೇ ಕೊಟ್ಟರೆ ಏನಾಗುವುದೆಂದು ಮಾನಕ ಹೇಳುವುದಿಲ್ಲ. ಮೊದಲು ‘ಅನ್‌ಸೈನ್ಡ್ ಚಾರ್’ಗೆ ಬದಲಿಸಿ ಕೊಡಬೇಕು. ಇಂಗ್ಲಿಷ್ ಪಠ್ಯದಿಂದಷ್ಟೇ ಪರೀಕ್ಷಿಸಿದ ತಂತ್ರಾಂಶದಲ್ಲಿ ಈ ಬಗೆಯ ದೋಷ ವರ್ಷಗಟ್ಟಲೆ ಅಡಗಿ ಕುಳಿತು ಮೊದಲ ಕನ್ನಡ ಅಥವಾ ತಮಿಳು ಹೆಸರು ಬಂದಾಗ ಹೊರಬೀಳುತ್ತದೆ.

5. ಲೈಬ್ರರಿಗಳಲ್ಲಿ ಹಲವು ಪದ್ಧತಿಗಳು

ಗಾತ್ರದ ಟೈಪ್ ಒಂದೇ ಇರಬೇಕೆಂಬ ಬಯಕೆಗೆ ಮೊದಲ ಅಡ್ಡಿ ಸಿ ಭಾಷೆಯ ಮಾನಕ ಲೈಬ್ರರಿಯೇ. ಅಲ್ಲಿ ‘ಎಫ್‌ರೀಡ್’ ಗಾತ್ರವನ್ನು ‘ಸೈಜ್_ಟಿ’ಯಲ್ಲಿ ಕೇಳಿದರೆ ‘ಎಫ್‌ಗೆಟ್ಸ್’ ‘ಇಂಟ್’ನಲ್ಲಿ ಕೇಳುತ್ತದೆ. ‘ಎಫ್‌ಟೆಲ್’ ಸ್ಥಾನವನ್ನು ‘ಲಾಂಗ್’ನಲ್ಲಿ ಹೇಳುತ್ತದೆ. ‘ಎಸ್‌ಎನ್‌ಪ್ರಿಂಟ್‌ಎಫ್’ ಜಾಗದ ಗಾತ್ರವನ್ನು ‘ಸೈಜ್_ಟಿ’ಯಲ್ಲಿ ತೆಗೆದುಕೊಂಡು ಜಾಗ ಸಾಕಷ್ಟಿದ್ದರೆ ಬರೆಯುತ್ತಿದ್ದ ಉದ್ದವನ್ನು ‘ಇಂಟ್’ನಲ್ಲಿ ಹಿಂದಿರುಗಿಸುತ್ತದೆ. ‘ಪ್ರಿಂಟ್‌ಎಫ್’ನಲ್ಲಿ ಇಷ್ಟೇ ಬೈಟ್ ಮುದ್ರಿಸು ಎಂದು ಮಿತಿ ಹೇಳುವ ಸಂಖ್ಯೆ ‘ಇಂಟ್’ ಆಗಿರಬೇಕು. ಅದು ಋಣವಾದರೆ ಮಿತಿಯನ್ನೇ ಹೇಳಿಲ್ಲ ಎಂದು ಭಾವಿಸಿ ಪಠ್ಯದ ಕೊನೆಯವರೆಗೂ ಮುದ್ರಿಸುತ್ತದೆ. ಬಹುಬೈಟ್ ಅಕ್ಷರಗಳನ್ನು ಓದುವ ‘ಎಂಬಿಆರ್‌ಟೋಡಬ್ಲ್ಯುಸಿ’ ತನ್ನ ದೋಷವನ್ನು ‘ಸೈಜ್_ಟಿ’ಗೆ ಬದಲಿಸಿದ −1 ಎಂದೂ, ಬೈಟ್‌ಗಳು ಸಾಲದಿದ್ದರೆ −2 ಎಂದೂ ಹೇಳುತ್ತದೆ. ಅನ್‌ಸೈನ್ಡ್ ಟೈಪ್‌ನಲ್ಲಿ ಋಣ ಸೂಚನೆಯನ್ನು ಅಡಗಿಸಿಟ್ಟಿರುವ ಈ ಉತ್ತರವನ್ನು ಪರೀಕ್ಷಿಸದೆ ಉದ್ದವೆಂದು ನಂಬಿದವರು ಕೆಡುತ್ತಾರೆ.

ಹೊರಗಿನ ಲೈಬ್ರರಿಗಳು ಇನ್ನಷ್ಟು ಪದ್ಧತಿಗಳನ್ನು ತರುತ್ತವೆ. ಕನ್ನಡದ ಒಂದು ಹೆಸರು ದತ್ತಸಂಚಯದಿಂದ ಹೊರಟು ತೆರೆಯ ಮೇಲೆ ಮೂಡುವವರೆಗಿನ ದಾರಿಯನ್ನು ನೋಡಿದರೆ ಇದು ತಿಳಿಯುತ್ತದೆ. ಹೆಸರನ್ನು ಸಂಗ್ರಹಿಸಿಡಲು ಬಳಕೆಯಲ್ಲಿರುವ ಎಸ್‌ಕ್ಯೂಲೈಟ್ ತನ್ನ ಮುಖ್ಯ ಫಂಕ್ಷನ್‌ಗಳಲ್ಲಿ ಪಠ್ಯದ ಉದ್ದವನ್ನು ‘ಇಂಟ್’ನಲ್ಲಿ ಕೇಳುತ್ತದೆ, ಋಣ ಸಂಖ್ಯೆ ಕೊಟ್ಟರೆ ಪಠ್ಯದ ಕೊನೆಯ ಸೊನ್ನೆ ಬೈಟ್‌ವರೆಗೆ ತಾನೇ ಎಣಿಸಿಕೊಳ್ಳುತ್ತದೆ. ವಿಂಗಡಣೆ, ಅಕ್ಷರಗಳ ಗಡಿ ಮೊದಲಾದ ಭಾಷಾ ಕೆಲಸಗಳ ಐಸಿಯು ಲೈಬ್ರರಿ ಉದ್ದವನ್ನು ಖಚಿತವಾಗಿ 32 ಬಿಟ್‌ನ ಸೈನ್ಡ್ ಪೂರ್ಣಾಂಕದಲ್ಲಿ ಇಡುತ್ತದೆ. ಅಲ್ಲಿಯೂ −1 ಎಂದರೆ ಪಠ್ಯದ ಕೊನೆಯ ಸೊನ್ನೆಯವರೆಗೆ ಎಂದರ್ಥ. ಐಸಿಯು ಯುಟಿಎಫ್-16 ಬಳಸುವುದರಿಂದ ಅಲ್ಲಿ ‘ನಂಗವಳ್ಳಿ’ಯ ಉದ್ದ 24ರ ಬದಲು 8. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಪಠ್ಯದ ಉದ್ದವನ್ನು ‘ಇಂಟ್’ನಲ್ಲೂ ಆರಂಭದ ಸ್ಥಾನವನ್ನು ‘ಅನ್‌ಸೈನ್ಡ್ ಇಂಟ್’ನಲ್ಲೂ ತೆಗೆದುಕೊಳ್ಳುತ್ತದೆ. ಇವುಗಳ ನಡುವೆ ಪ್ರೋಗ್ರಾಂ ತಾನು ಕರೆಯುವ ‘ಸ್ಟ್ರ್‌ಲೆನ್’ ‘ಸೈಜ್_ಟಿ’ಯಲ್ಲಿ ಉತ್ತರಿಸುತ್ತದೆ, ಕಡತ ಓದುವ ‘ರೀಡ್’ ‘ಎಸ್‌ಸೈಜ್_ಟಿ’ಯಲ್ಲಿ.

ಈ ಪ್ರತಿಯೊಂದು ಲೈಬ್ರರಿಯೂ ತನ್ನೊಳಗೆ ಒಂದು ಶಿಸ್ತನ್ನು ಪಾಲಿಸುತ್ತದೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ನೇರವಾಗಿ ದಾಟಿಸುವ ಸಾಲಿನಲ್ಲಿ ಅಪಾಯವಿದೆ. ‘ಸ್ಟ್ರ್‌ಲೆನ್’ ಕೊಟ್ಟ 300 ಕೋಟಿ ಬೈಟ್‌ನ ಉದ್ದವನ್ನು ‘ಇಂಟ್’ಗೆ ದಾಟಿಸಿದರೆ ಸಾಮಾನ್ಯ ಯಂತ್ರಗಳಲ್ಲಿ ಅದು −1294967296 ಆಗುತ್ತದೆ. ಋಣ ಎಂದರೆ ‘ನೀನೇ ಎಣಿಸಿಕೋ’ ಎಂದು ಅರ್ಥಮಾಡಿಕೊಳ್ಳುವ ಲೈಬ್ರರಿಗೆ ಅದು ದೋಷವೆಂದು ತೋರುವುದೇ ಇಲ್ಲ.

6. ತಪ್ಪಿಗೆ ತೆತ್ತ ಬೆಲೆ

ಈ ದೋಷಗಳು ಭದ್ರತೆಯ ಗೋಡೆಯನ್ನೇ ಒಡೆದ ಉದಾಹರಣೆಗಳಿವೆ. 2002ರಲ್ಲಿ ಫ್ರೀಬಿಎಸ್‌ಡಿ ವ್ಯವಸ್ಥೆಯ ಕೆಲವು ಕರೆಗಳಲ್ಲಿ ಉದ್ದ ಸೈನ್ಡ್ ಆಗಿತ್ತು. ಉದ್ದ ಮಿತಿಗಿಂತ ಹೆಚ್ಚಿದೆಯೇ ಎಂದಷ್ಟೇ ಪರೀಕ್ಷಿಸಲಾಗುತ್ತಿತ್ತು. ಋಣ ಸಂಖ್ಯೆ ಯಾವ ಮಿತಿಗಿಂತಲೂ ಚಿಕ್ಕದಾದ್ದರಿಂದ ಆ ಪರೀಕ್ಷೆಯನ್ನು ದಾಟಿತು; ನಕಲು ಮಾಡುವ ಹೊತ್ತಿಗೆ ಅನ್‌ಸೈನ್ಡ್ ಆಗಿ ಭಾರಿ ಗಾತ್ರವಾಯಿತು. ಕರ್ನಲ್‌ನ ಖಾಸಗಿ ಮೆಮೊರಿ ಸಾಮಾನ್ಯ ಬಳಕೆದಾರರ ಕೈಗೆ ಸಿಗುವಂತಾಯಿತು.

ಅದೇ ವರ್ಷ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಅನ್‌ಸೈನ್ಡ್ ಲೆಕ್ಕ ಸುತ್ತಿದ ಪ್ರಕರಣ ಬೆಳಕಿಗೆ ಬಂತು. ಎಷ್ಟು ಉತ್ತರಗಳು ಬರಲಿವೆ ಎಂಬ ಸಂಖ್ಯೆಯನ್ನು ಜಾಲದಿಂದ ಓದಿ, ಅದನ್ನು ಪಾಯಿಂಟರ್‌ನ ಗಾತ್ರದಿಂದ ಗುಣಿಸಿ ಮೆಮೊರಿ ಕೇಳಲಾಗುತ್ತಿತ್ತು. 32 ಬಿಟ್ ಯಂತ್ರದಲ್ಲಿ 1073741824ನ್ನು 4ರಿಂದ ಗುಣಿಸಿದರೆ 4294967296. ಅದು ಸುತ್ತಿ ಸೊನ್ನೆಯಾಗುತ್ತದೆ. ಹೀಗೆ ಸಂಖ್ಯೆಯನ್ನು ಆರಿಸಿ ಕಳಿಸಿದರೆ ಸಿಗುವ ಜಾಗ ಚಿಕ್ಕದು, ಬರೆಯುವ ಉತ್ತರಗಳು ಹೆಚ್ಚು. ದೂರದಿಂದಲೇ ಯಂತ್ರವನ್ನು ವಶಪಡಿಸಿಕೊಳ್ಳುವ ದಾರಿ ಅಲ್ಲಿ ತೆರೆದಿತ್ತು. ಆವೃತ್ತಿ 3.4ರಲ್ಲಿ ಅದನ್ನು ಸರಿಪಡಿಸಲಾಯಿತು.

2021ರ ಜುಲೈನಲ್ಲಿ ಕ್ವಾಲಿಸ್ ಸಂಸ್ಥೆ ಪ್ರಕಟಿಸಿದ ಲಿನಕ್ಸ್ ಕರ್ನಲ್ ದೋಷ ಗಾತ್ರದ ಟೈಪ್‌ಗಳ ಹೊಂದಾಣಿಕೆಯ ಪ್ರಶ್ನೆಯನ್ನು ನೇರವಾಗಿ ಎತ್ತುತ್ತದೆ. ಒಂದು ಕಡೆ ಬಫರ್‌ನ ಗಾತ್ರ ‘ಸೈಜ್_ಟಿ’ಯಲ್ಲಿತ್ತು, ಅದನ್ನು ಪಡೆಯುವ ಇನ್ನೊಂದು ಫಂಕ್ಷನ್ ‘ಇಂಟ್’ನಲ್ಲಿ ನಿರೀಕ್ಷಿಸುತ್ತಿತ್ತು. ಒಂದು ಗಿಗಾಬೈಟ್‌ಗೂ ಉದ್ದವಾದ ಫೋಲ್ಡರ್ ದಾರಿಯನ್ನು ಸೃಷ್ಟಿಸಿದರೆ ಬಫರ್ ಎರಡು ಗಿಗಾಬೈಟ್‌ಗೆ ಬೆಳೆದು, ಆ ಸಂಖ್ಯೆ ‘ಇಂಟ್’ನಲ್ಲಿ ಋಣವಾಗುತ್ತಿತ್ತು, ಬಫರ್‌ಗಿಂತ ಎರಡು ಗಿಗಾಬೈಟ್ ಹಿಂದೆ ಬರವಣಿಗೆ ನಡೆಯುತ್ತಿತ್ತು. ಸಾಮಾನ್ಯ ಬಳಕೆದಾರ ಆಡಳಿತಗಾರನ ಅಧಿಕಾರ ಪಡೆಯಲು ಅಷ್ಟು ಸಾಕಾಯಿತು. 2014ರಿಂದಲೂ ಆ ದೋಷ ಕರ್ನಲ್‌ನಲ್ಲಿತ್ತು. ಪರಿಹಾರವಾಗಿ ಬಂದ ತಿದ್ದುಪಡಿ ಚಿಕ್ಕದು: ‘ಇಂಟ್’ನ ಮಿತಿಗಿಂತ ತುಸು ಕೆಳಗೆ ಒಂದು ಗಡಿಯನ್ನಿಟ್ಟು, ಅದನ್ನು ಮೀರುವ ಬಫರನ್ನು ಕೊಡುವುದಿಲ್ಲ ಎಂದು ಬಾಗಿಲಲ್ಲೇ ನಿರಾಕರಿಸುವುದು.

7. ಯಾವುದು ಮೇಲು

ಗಾತ್ರಕ್ಕೆ ಅನ್‌ಸೈನ್ಡ್ ಸಾಕು ಎನ್ನುವವರ ವಾದಕ್ಕೆ ಬಲವಿದೆ. ಗಾತ್ರ ಋಣವಾಗದು ಎಂಬ ಸತ್ಯವನ್ನು ಟೈಪೇ ಹೇಳುತ್ತದೆ. ಮೇಲಿನ ಮಿತಿಯೊಂದನ್ನು ಪರೀಕ್ಷಿಸಿದರೆ ಸಾಕು, ಕೆಳಗಿನದು ಬೇಡ. ಲೆಕ್ಕ ಸುತ್ತಿದರೂ ಫಲಿತಾಂಶ ಏನೆಂದು ಮಾನಕ ಖಚಿತವಾಗಿ ಹೇಳುತ್ತದೆ. ಮೇಲಾಗಿ ‘ಸೈಜ್‌ಆಫ್’ ಕೊಡುವುದು ಅದೇ ಟೈಪ್. ಬೇರೆಯದನ್ನು ಆರಿಸಿದರೆ ಪ್ರತಿ ಕರೆಯಲ್ಲೂ ಪರಿವರ್ತನೆ ಬೇಕಾಗುತ್ತದೆ.

ಸೈನ್ಡ್ ಪಕ್ಷದ ವಾದವೂ ಅಷ್ಟೇ ಗಟ್ಟಿ. ಕಳೆಯುವಿಕೆ ಇರುವಲ್ಲೆಲ್ಲ ಋಣ ಸಂಖ್ಯೆ ಬಂದೇ ಬರುತ್ತದೆ. ಮೆಟ್ಟೂರಿಗೆ 10,000 ಕ್ಯೂಸೆಕ್ ಬಂದು 12,000 ಕ್ಯೂಸೆಕ್ ಹೋದರೆ ವ್ಯತ್ಯಾಸ −2,000 ಎಂದು ಹೇಳಬಲ್ಲ ಲೆಕ್ಕವೇ ಓದುಗರಿಗೆ ಅರ್ಥವಾಗುವ ಲೆಕ್ಕ. ತಪ್ಪಾದಾಗ −14 ಎಂಬುದು ಕಣ್ಣಿಗೆ ಬೀಳುತ್ತದೆ, ಸೊನ್ನೆಗಿಂತ ಚಿಕ್ಕದೇ ಎಂದು ಕೇಳಿ ಹಿಡಿಯಲೂ ಬರುತ್ತದೆ. 18446744073709551602 ಮಾತ್ರ ಒಂದು ದೊಡ್ಡ ಗಾತ್ರದ ವೇಷದಲ್ಲಿ ಮುಂದೆ ಹೋಗುತ್ತದೆ. ಸೈನ್ಡ್ ಲೆಕ್ಕದ ಮಿತಿ ಮೀರುವುದು ದೋಷವೇ ಆದ್ದರಿಂದ ಅದನ್ನು ಪತ್ತೆಹಚ್ಚಿ ಪ್ರೋಗ್ರಾಂ ನಿಲ್ಲಿಸುವ ಪರೀಕ್ಷಾ ಸಾಧನಗಳನ್ನು ಕಂಪೈಲರ್‌ಗಳು ಕೊಡುತ್ತವೆ.

ಬೇರೆ ಬೇರೆ ಯೋಜನೆಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದಿವೆ. ಸಿಯಲ್ಲಿ ಬರೆದ ಪೈಥಾನ್ ಭಾಷಾಂತರಕ ಮೊದಲು ಗಾತ್ರಗಳನ್ನು ‘ಇಂಟ್’ನಲ್ಲಿ ಇಡುತ್ತಿತ್ತು. 64 ಬಿಟ್ ಯಂತ್ರಗಳಿಗೆ ಅದು ಸಾಲದೆ, ಮಾರ್ಟಿನ್ ಫಾನ್ ಲೋವಿಸ್ ಅವರ ಪ್ರಸ್ತಾವದಂತೆ 2006ರ ಆವೃತ್ತಿ 2.5ರಲ್ಲಿ ‘ಪೈ_ಎಸ್‌ಸೈಜ್_ಟಿ’ ಎಂಬ ಸೈನ್ಡ್ ಟೈಪ್ ಎಲ್ಲೆಡೆ ಬಂತು. ಪಟ್ಟಿಯ ಕೊನೆಯಿಂದ ಎಣಿಸಲು −1 ಎನ್ನುವ ಭಾಷೆಗೆ ಅದು ಸಹಜ. ಹಳೆಯ ‘ಇಂಟ್’ ಪದ್ಧತಿಯನ್ನು ವಿಸ್ತರಣೆಗಳಿಂದ ಪೂರ್ತಿಯಾಗಿ ಬಿಡಿಸಲು 2021ರ ಆವೃತ್ತಿ 3.10ರವರೆಗೂ ಕಾಯಬೇಕಾಯಿತು. ಗಾತ್ರದ ಟೈಪನ್ನು ತಡವಾಗಿ ಬದಲಿಸುವುದು ಎಷ್ಟು ದುಬಾರಿ ಎಂಬುದಕ್ಕೆ ಈ 15 ವರ್ಷಗಳೇ ಸಾಕ್ಷಿ. ಗ್ನೂ ಯೋಜನೆಯ ಗ್ನುಲಿಬ್ ‘ಐಡಿಎಕ್ಸ್_ಟಿ’ ಎಂಬ ಸೈನ್ಡ್ ಟೈಪನ್ನು ಗಾತ್ರ, ಸ್ಥಾನ ಎರಡಕ್ಕೂ ಬಳಸುತ್ತದೆ. ಸಿ++ನ ಮಾನಕ ಲೈಬ್ರರಿ ಅನ್‌ಸೈನ್ಡ್ ಗಾತ್ರವನ್ನು ಆರಿಸಿತು. ಆ ಭಾಷೆಯ ನಿರ್ಮಾತೃ ಬಿಯಾರ್ನ್ ಸ್ಟ್ರೌಸ್ಟ್ರಪ್ ಗಾತ್ರಗಳು ಸೈನ್ಡ್ ಆಗಿರಬೇಕೆಂದು ವಾದಿಸಿದರು, 2020ರ ಮಾನಕದಲ್ಲಿ ಸೈನ್ಡ್ ಉದ್ದ ಕೊಡುವ ಫಂಕ್ಷನ್ ಸೇರಿತು. ಗೋ ಭಾಷೆಯಲ್ಲಿ ಉದ್ದ ಸೈನ್ಡ್. ರಸ್ಟ್ ಭಾಷೆಯಲ್ಲಿ ಅನ್‌ಸೈನ್ಡ್, ಆದರೆ ಅಲ್ಲಿ ಟೈಪ್‌ಗಳು ತಾವಾಗಿ ಬೆರೆಯುವುದೇ ಇಲ್ಲ; ಯಾವ ವಸ್ತುವೂ ಸೈನ್ಡ್ ಮಿತಿಯನ್ನು ಮೀರಿ ಬೆಳೆಯುವಂತಿಲ್ಲ.

8. ಹೊಂದಾಣಿಕೆಯ ಕ್ರಮ

ರಸ್ಟ್‌ನ ಆ ಕೊನೆಯ ನಿಯಮದಲ್ಲಿ ಸಿ ಭಾಷೆಯ ಪ್ರಶ್ನೆಗೂ ಉತ್ತರವಿದೆ. ಯಾವ ವಸ್ತುವೂ ‘ಪಿಟಿಆರ್‌ಡಿಫ್_ಟಿ’ಯ ಗರಿಷ್ಠ ಮಿತಿಯನ್ನು ಮೀರದಿದ್ದರೆ, ಆ ವ್ಯಾಪ್ತಿಯ ಪ್ರತಿಯೊಂದು ಗಾತ್ರವೂ ಸೈನ್ಡ್ ಟೈಪ್‌ನಲ್ಲೂ ಅನ್‌ಸೈನ್ಡ್ ಟೈಪ್‌ನಲ್ಲೂ ಒಂದೇ ಬೆಲೆಯಾಗಿ ಕೂರುತ್ತದೆ. ಆಗ ಪರಿವರ್ತನೆಯಿಂದ ಏನೂ ಕಳೆಯುವುದಿಲ್ಲ. ಇದೇ ಮೊದಲ ನಿಯಮ. ಈ ದಾರಿಯಲ್ಲಿ ಸಾಧನಗಳು ಈಗಾಗಲೇ ನಡೆದಿವೆ. 2019ರಲ್ಲಿ ಬಂದ ಗ್ನೂ ಸಿ ಲೈಬ್ರರಿಯ ಆವೃತ್ತಿ 2.30ರಿಂದ ‘ಮ್ಯಾಲಕ್’ ಆ ಮಿತಿಗಿಂತ ದೊಡ್ಡ ಕೋರಿಕೆಯನ್ನು ನಿರಾಕರಿಸುತ್ತದೆ. ಜಿಸಿಸಿ ಕಂಪೈಲರ್ ಕೂಡ ಅಂಥ ಕೋರಿಕೆ ಕಂಡರೆ ಎಚ್ಚರಿಸುತ್ತದೆ. 64 ಬಿಟ್ ಯಂತ್ರದಲ್ಲಿ ಈ ಮಿತಿಯಿಂದ ಯಾರಿಗೂ ಮೆಮೊರಿ ಕಡಿಮೆಯಾಗುವುದಿಲ್ಲ.

ಎರಡನೆಯ ನಿಯಮ: ಪ್ರೋಗ್ರಾಂನ ಒಳಗೆ ಗಾತ್ರ ಮತ್ತು ಸ್ಥಾನಕ್ಕೆ ಒಂದೇ ಟೈಪ್. ಹೊಸದಾಗಿ ಬರೆಯುವ, ಕಳೆಯುವಿಕೆ ಮತ್ತು ಹಿಮ್ಮುಖ ಹುಡುಕಾಟ ಹೆಚ್ಚಿರುವ ಪಠ್ಯ ಸಂಸ್ಕರಣೆಯ ಪ್ರೋಗ್ರಾಂಗೆ ‘ಪಿಟಿಆರ್‌ಡಿಫ್_ಟಿ’ ಹೆಚ್ಚು ಹೊಂದುತ್ತದೆ. ಮೆಮೊರಿ ಹಂಚಿಕೆ, ನಕಲು, ಮಾನಕ ಲೈಬ್ರರಿಯ ಕರೆಗಳೇ ತುಂಬಿರುವ ಪ್ರೋಗ್ರಾಂಗೆ ‘ಸೈಜ್_ಟಿ’ ಸಾಕು. ‘ಇಂಟ್’ ಮತ್ತು ‘ಲಾಂಗ್’ ಎರಡೂ ಗಾತ್ರದ ಕೆಲಸಕ್ಕೆ ಬೇಡ.

ಮೂರನೆಯ ನಿಯಮ: ಬೇರೆ ಲೈಬ್ರರಿಗೆ ದಾಟುವ ಪ್ರತಿ ಗಡಿಯಲ್ಲಿ ಒಂದೇ ಒಂದು ಚಿಕ್ಕ ಫಂಕ್ಷನ್ ಇರಬೇಕು. ಬಂದ ಗಾತ್ರ ಆ ಕಡೆಯ ಟೈಪ್‌ನ ಮಿತಿಯೊಳಗಿದೆಯೇ ಎಂದು ನೋಡಿ, ಇದ್ದರೆ ದಾಟಿಸಿ, ಇಲ್ಲದಿದ್ದರೆ ದೋಷವೆಂದು ಹಿಂದಿರುಗಿಸುವುದು ಅದರ ಕೆಲಸ. ಎಸ್‌ಕ್ಯೂಲೈಟ್, ಐಸಿಯು, ಹಾರ್ಫ್‌ಬಜ್ ಮೂರಕ್ಕೂ ಆ ಮಿತಿ 2147483647. ಪರೀಕ್ಷೆ ಪರಿವರ್ತನೆಗೆ ಮೊದಲೇ ನಡೆಯಬೇಕು. ಆದ ಮೇಲೆ ನೋಡಿದರೆ ಮೂಲ ಬೆಲೆ ಕಳೆದಿರುತ್ತದೆ. −1ಕ್ಕೆ ವಿಶೇಷ ಅರ್ಥವಿರುವ ಕಡೆ ಉದ್ದವನ್ನೇ ಕೊಡಬೇಕು. ‘ರೀಡ್’ನಿಂದ ಬಂದ ಉತ್ತರ ಋಣವೇ ಎಂದು ನೋಡಿದ ಮೇಲಷ್ಟೇ ಅದನ್ನು ಗಾತ್ರವಾಗಿ ಬಳಸಬೇಕು.

ನಾಲ್ಕನೆಯದು ಗುಣಾಕಾರ, ಸಂಕಲನಗಳ ರಕ್ಷಣೆ. ಅರೇಗೆ ಮೆಮೊರಿ ಕೇಳುವಾಗ ಅಂಶಗಳ ಸಂಖ್ಯೆಯನ್ನೂ ಒಂದು ಅಂಶದ ಗಾತ್ರವನ್ನೂ ಬೇರೆ ಬೇರೆಯಾಗಿ ತೆಗೆದುಕೊಂಡು ತಾನೇ ಪರೀಕ್ಷಿಸುವ ‘ಕ್ಯಾಲಕ್’ ಬಳಸಬಹುದು. ಓಪನ್‌ಬಿಎಸ್‌ಡಿ 2014ರಲ್ಲಿ ತಂದ ‘ರೀಅಲಕ್‌ಅರೇ’ಯೂ ಇದೇ ಕೆಲಸಕ್ಕಿದೆ, ಗ್ನೂ ಸಿ ಲೈಬ್ರರಿ ಅದನ್ನು 2017ರಲ್ಲಿ ಸೇರಿಸಿಕೊಂಡಿತು. ಸಿ23 ಎಂದು ಕರೆಯುವ ಇತ್ತೀಚಿನ ಮಾನಕ ಕೂಡುವ, ಕಳೆಯುವ, ಗುಣಿಸುವ ಮೂರು ಪರೀಕ್ಷಿತ ಕ್ರಿಯೆಗಳನ್ನು ಕೊಟ್ಟಿದೆ. ಅವು ಫಲಿತಾಂಶದ ಜೊತೆಗೆ ಅದು ಟೈಪಿನೊಳಗೆ ಹಿಡಿಯಿತೋ ಇಲ್ಲವೋ ಎಂಬುದನ್ನೂ ತಿಳಿಸುತ್ತವೆ.

ಐದನೆಯದು ಕಂಪೈಲರ್‌ನ ಎಚ್ಚರಿಕೆಗಳು. ಸೈನ್ಡ್, ಅನ್‌ಸೈನ್ಡ್ ಹೋಲಿಕೆಯನ್ನೂ ಚಿಹ್ನೆ ಬದಲಾಗುವ ಪರಿವರ್ತನೆಯನ್ನೂ ಜಿಸಿಸಿ ಮತ್ತು ಕ್ಲಾಂಗ್ ತೋರಿಸಿಕೊಡುತ್ತವೆ, ಆದರೆ ಕೇಳಿದರೆ ಮಾತ್ರ. ಆ ಎಚ್ಚರಿಕೆಗಳನ್ನು ಯೋಜನೆಯ ಮೊದಲ ದಿನವೇ ಹಾಕಿಕೊಳ್ಳಬೇಕು. ಬಲವಂತದ ಟೈಪ್ ಬದಲಾವಣೆಯಿಂದ ಎಚ್ಚರಿಕೆಯನ್ನು ಸುಮ್ಮನಾಗಿಸಿದರೆ ದೋಷ ಉಳಿದು ಅದರ ಸೂಚನೆ ಮಾತ್ರ ಅಳಿಯುತ್ತದೆ. ಪರೀಕ್ಷೆಯ ಪಠ್ಯಗಳಲ್ಲಿ ಕನ್ನಡ, ತಮಿಳು ಹೆಸರುಗಳೂ, ಖಾಲಿ ಪಠ್ಯವೂ, ಮಧ್ಯದಲ್ಲಿ ತುಂಡಾದ ಬೈಟ್‌ಗಳೂ ಇರಬೇಕು.

ಸೈನ್ಡ್ ಮೇಲೋ ಅನ್‌ಸೈನ್ಡ್ ಮೇಲೋ ಎಂಬ ವಾದಕ್ಕಿಂತ, ಒಂದನ್ನು ಆರಿಸಿ ಅದಕ್ಕೆ ನಿಷ್ಠರಾಗಿರುವುದು ದೊಡ್ಡದು. ಮೇಲೆ ಹೇಳಿದ ಮೂರು ಪ್ರಕರಣಗಳಲ್ಲೂ ಗಡಿಯಲ್ಲಿ ಒಂದು ಸರಿಯಾದ ಪರೀಕ್ಷೆಯಿದ್ದಿದ್ದರೆ ದೋಷ ಅಲ್ಲೇ ನಿಲ್ಲುತ್ತಿತ್ತು. ಕನ್ನಡ ಪಠ್ಯವನ್ನು ಮುಟ್ಟುವ ತಂತ್ರಾಂಶ ಬರೆಯುವ ಪ್ರತಿಯೊಬ್ಬರೂ ಮೊದಲ ಸಾಲು ಬರೆಯುವ ಮುನ್ನ ಮೂರನ್ನು ತೀರ್ಮಾನಿಸಿ ಬರೆದಿಡಬೇಕು: ಗಾತ್ರಕ್ಕೆ ಯಾವ ಟೈಪ್, ಅದರ ಗರಿಷ್ಠ ಮಿತಿ ಎಷ್ಟು, ಪರಿವರ್ತನೆ ಯಾವ ಫಂಕ್ಷನ್‌ನಲ್ಲಿ.